ಕಿಟಕಿ ಮುಚ್ಚಿ ನಡೆಸಿದ ಮಗ್ಗ

ಓದುಗರ ಪ್ರಶ್ನೆಗೆ ಡಾಕ್ಟರಮ್ಮನ ಉತ್ತರ

ಪ್ರಶ್ನೆ: ಡಾಕ್ಟರ್ ಅಕ್ಕಾರೆ, ನಾನು ಬನಹಟ್ಟಿಯವನು. ಆರು ಪವರ್‌ಲೂಮ್‌ಗಳ ಸಣ್ಣ ಶೆಡ್ ಇದೆ. 2021ರ ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಒಂದು ವಾರ ಮಗ್ಗ ನಿಲ್ಲಿಸಿದೆ. ಆಮೇಲೆ ಕೂಲಿಯವರೇ ಮನೆಗೆ ಬಂದು ಕೇಳಿಕೊಂಡರು. ಮೇ 17ರಿಂದ ರಾತ್ರಿ ಹೊತ್ತು ಮೂರು ಮಗ್ಗ ಹಾಕಿದೆ. ಸಪ್ಪಳ ಹೊರಗೆ ಕೇಳಬಾರದು ಅಂತ ಕಿಟಕಿಗಳಿಗೆ ಗೋಣಿಚೀಲ ಹೊಡೆದಿದ್ದೆವು. ನಮ್ಮ ಕಾಕಾ ಅಲ್ಲೇ ಮೂಲೆಯಲ್ಲಿ ಕೂತು ಕಂಡಿಕೆ (ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತುತ್ತಿದ್ದರು. 66 ವರ್ಷ, ಸಕ್ಕರೆ ಕಾಯಿಲೆ ಇತ್ತು. ಮೇ 20ಕ್ಕೆ ಜ್ವರ ಬಂತು, ಜೂನ್ 2ಕ್ಕೆ ತೀರಿಹೋದರು. ಕಾಕಾನ ಮಗ, ನನಗೆ ಅಣ್ಣ, ಇವತ್ತಿಗೂ ಮಾತಾಡುವುದಿಲ್ಲ. ‘ರೊಕ್ಕದ ಆಸೇಕ ನಮ್ಮಪ್ಪನ್ನ ಕೊಂದಿ’ ಅಂತಾನೆ. ಮೇ 14ಕ್ಕೆ, ಅಕ್ಷಯ ತೃತೀಯದ ದಿನ, ಕಾಕಾ ಜಮಖಂಡಿಯಲ್ಲಿ ಒಂದು ಸಣ್ಣ ಮದುವೆಗೂ ಹೋಗಿದ್ದರು. ನಾನು ಮಗ್ಗ ಹಾಕಿದ್ದು ತಪ್ಪಾ? ಮುಂದೆ ಮತ್ತೆ ಇಂಥ ರೋಗ ಬಂದರೆ ನಮ್ಮಂಥವರು ಬಾಗಿಲು ಹಾಕಬೇಕಾ, ತೆರೆಯಬೇಕಾ?
— ಹೆಸರು ಬೇಡ, ಬನಹಟ್ಟಿ

ಉತ್ತರ: ತಮ್ಮಾ, ನಿಮ್ಮ ಪತ್ರ ಎರಡು ವಾರ ನನ್ನ ಮೇಜಿನ ಮೇಲೇ ಇತ್ತು. ಬೇರೆ ಪತ್ರಗಳಿಗೆಲ್ಲ ಉತ್ತರ ಬರೆದೆ, ಇದಕ್ಕೆ ಕೈ ಓಡಲಿಲ್ಲ. ನಾನು ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿದವಳು. ಅಪ್ಪ ಖಣ, ಅಂದರೆ ಕುಪ್ಪಸದ ಬಟ್ಟೆ ನೇಯ್ದು, ಅವ್ವ ಕಂಡಿಕೆ ಸುತ್ತಿ ನನ್ನನ್ನು ಓದಿಸಿದರು. ಆಮೇಲೆ ಬಾಗಲಕೋಟೆ ಜಿಲ್ಲೆಯಲ್ಲೇ 28 ವರ್ಷ ಸರ್ಕಾರಿ ಡಾಕ್ಟರ್ ಆಗಿದ್ದೆ. ಕೊರೊನಾದ ಆ ಎರಡು ವರ್ಷ ‘ಬಾಗಿಲು ಹಾಕ್ರಿ, ಮಗ್ಗ ನಿಲ್ಲಿಸ್ರಿ’ ಅಂತ ಓಣಿ ಓಣಿ ತಿರುಗಿ ಹೇಳಿದವರಲ್ಲಿ ನಾನೂ ಒಬ್ಬಳು.

ಮೊದಲು ತಾರೀಖಿನ ಲೆಕ್ಕ ಮುಗಿಸೋಣ. ಕೊರೊನಾ ಮೈಗೆ ಹೊಕ್ಕ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ನಾಲ್ಕೈದು ದಿನ ಬೇಕು. ಎರಡೇ ದಿನಕ್ಕೆ ಬಂದವರಿದ್ದಾರೆ, 14 ದಿನ ಹಿಡಿದವರೂ ಇದ್ದಾರೆ. ನೀವು ಮಗ್ಗ ಹಾಕಿದ ರಾತ್ರಿಯಿಂದ ಕಾಕಾನ ಜ್ವರಕ್ಕೆ ಮೂರು ದಿನ. ಮದುವೆಯಿಂದ ಆರು ದಿನ. ಎರಡೂ ಆಗಬಹುದಾದದ್ದೇ. ತಕ್ಕಡಿ ಸ್ವಲ್ಪ ಮದುವೆ ಮನೆಯ ಕಡೆ ವಾಲುತ್ತದೆ, ಅಷ್ಟೇ ಹೇಳಬಲ್ಲೆ. ಆ ಮೇ 5ರಂದು ನಮ್ಮ ರಾಜ್ಯದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ಜನರಿಗೆ ಸೋಂಕು ಪತ್ತೆಯಾಗಿತ್ತು. ಪರೀಕ್ಷೆಯೇ ಆಗದವರು ಎಷ್ಟು ಜನರೋ! ಹಾಲಿನ ಅಂಗಡಿ, ಕಿರಾಣಿ ಅಂಗಡಿ, ಪಕ್ಕದ ಮನೆಯ ಕಟ್ಟೆ, ಎಲ್ಲಿಂದಲಾದರೂ ಬಂದಿರಬಹುದು. ಶೆಡ್ಡಿನ ಕೂಲಿಯವರಿಗೆ ಜ್ವರ ಬಂದಿತ್ತಾ, ಬಂದಿದ್ದರೆ ಯಾರಿಗೆ ಮೊದಲು ಬಂತು ಅನ್ನುವುದನ್ನು ನೀವು ಬರೆದಿಲ್ಲ. ಕಾಕಾನೇ ಮದುವೆಯಿಂದ ತಂದು ಶೆಡ್ಡಿನಲ್ಲಿ ಹಂಚಿರಬಹುದು. ಈ ರೋಗ ಜ್ವರ ಬರುವ ಒಂದೆರಡು ದಿನ ಮುಂಚೆಯೇ ಹರಡಲು ಶುರುವಾಗುತ್ತದೆ. ಯಾರಿಂದ ಯಾರಿಗೆ ಅಂತ ಯಾವ ಡಾಕ್ಟರೂ ಈಗ ಬೆರಳು ಮಾಡಿ ತೋರಿಸಲಾರರು.

ಆದರೆ ಇಷ್ಟು ಹೇಳಿ ನಿಮ್ಮನ್ನು ಕಳಿಸಿಬಿಟ್ಟರೆ ನಿಮಗೂ ಸುಳ್ಳು ಹೇಳಿದ ಹಾಗೆ, ನಿಮ್ಮ ಅಣ್ಣನಿಗೂ ಅನ್ಯಾಯ ಮಾಡಿದ ಹಾಗೆ. ಮಗ್ಗ ಹಾಕಿದ್ದು ತಪ್ಪಾ ಅಂತ ಕೇಳಿದ್ದೀರಿ. ಅಂದಿನ ನಿಯಮದ ಪ್ರಕಾರ ಹಾಕುವ ಹಾಗಿರಲಿಲ್ಲ. ಅದಿರಲಿ, ಹಸಿದವರಿಗೆ ಕೆಲಸ ಕೊಟ್ಟಿದ್ದನ್ನು ತಪ್ಪು ಅನ್ನಲು ನನ್ನ ಬಾಯಿ ಬರುವುದಿಲ್ಲ. ಗೋಣಿಚೀಲ ಹೊಡೆದದ್ದು ತಪ್ಪು. ಕಾಕಾನನ್ನು ಆ ಮೂಲೆಯಲ್ಲಿ ಕೂರಿಸಿದ್ದು ತಪ್ಪು.

ಯಾಕೆ ಅಂತ ಹೇಳುತ್ತೇನೆ. ಪವರ್‌ಲೂಮ್ ಶೆಡ್ಡಿನಲ್ಲಿ ಮಾತಾಡುವುದು ಹೇಗೆ ಅಂತ ನಿಮಗೆ ಗೊತ್ತು. ಕಿವಿಯ ಹತ್ತಿರ ಬಾಯಿ ಇಟ್ಟು ಕೂಗಬೇಕು. ಕೂಗಿದಾಗ ಬಾಯಿಂದ ಬರುವ ಹನಿ, ಸುಮ್ಮನೆ ಮಾತಾಡಿದಾಗ ಬರುವುದಕ್ಕಿಂತ ಎಷ್ಟೋ ಜಾಸ್ತಿ. ದೊಡ್ಡ ಹನಿ ನೆಲಕ್ಕೆ ಬೀಳುತ್ತದೆ. ಸಣ್ಣದು ಬೀಡಿ ಹೊಗೆಯ ಹಾಗೆ ಗಾಳಿಯಲ್ಲೇ ತೇಲುತ್ತದೆ. ಕಿಟಕಿ ತೆರೆದಿದ್ದರೆ ಹೊಗೆ ಹೋದ ಹಾಗೆ ಹೋಗುತ್ತದೆ, ಮುಚ್ಚಿದ್ದರೆ ಒಳಗೇ ತುಂಬಿಕೊಳ್ಳುತ್ತದೆ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 61 ಜನ ಒಂದು ಕೋಣೆಯಲ್ಲಿ ಸೇರಿ ಎರಡೂವರೆ ಗಂಟೆ ಹಾಡಿನ ತಾಲೀಮು ಮಾಡಿದರು. ಕಾಯಿಲೆ ಇದ್ದವರು ಒಬ್ಬರೇ. ಕೊನೆಗೆ ಅವರೂ ಸೇರಿ 53 ಜನ ಮಲಗಿದರು, ಇಬ್ಬರು ಸತ್ತರು. ನಮ್ಮ ಶೆಡ್ಡಿನಲ್ಲಿ ಹಾಡುವುದಿಲ್ಲ, ಕೂಗುತ್ತೇವೆ. ಅದೂ ರಾತ್ರಿಯಿಡೀ.

‘ಕಿಟಕಿ ತೆಗದ್ರ ಒಣಗಾಳಿಗೆ ಎಳಿ ಹರೀತಾವ್ರಿ’ ಅಂತ ನಿಮ್ಮೂರಿನವರೇ ನನಗೆ ಎಷ್ಟೋ ಸಲ ಹೇಳಿದ್ದಾರೆ. ಅದು ನಿಜ. ನೂಲಿಗೆ ತೇವ ಬೇಕು, ನಮ್ಮ ಕಡೆಯ ಮೇ ತಿಂಗಳ ಗಾಳಿಯಲ್ಲಿ ತೇವ ಎಲ್ಲಿದೆ? ಎಳೆ ಹರಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. ಹಾಗಂತ ಅದಕ್ಕೆ ದಾರಿಯೇ ಇಲ್ಲ ಅಂತಲ್ಲ. ಮೇಲುಗಡೆ, ಚಾವಣಿಯ ಹತ್ತಿರ ಗಾಳಿ ಹೊರಗೆ ಎಳೆಯುವ ಫ್ಯಾನ್ ಕೂರಿಸಬಹುದು. ನೆಲಕ್ಕೆ ನೀರು ಚಿಮುಕಿಸಬಹುದು. ಗಂಟೆಗೊಮ್ಮೆ ಹತ್ತು ನಿಮಿಷ ಎಲ್ಲ ತೆರೆದು ಹೊರಗೆ ಬರಬಹುದು. ಎಳೆ ಸ್ವಲ್ಪ ಹರಿಯುತ್ತದೆ, ಹರಿಯಲಿ. ಅಂಥ ದಿನಗಳಲ್ಲಿ ನಾಲ್ಕು ಸೀರೆ ಕಡಿಮೆಯಾದರೂ ಪರವಾಗಿಲ್ಲ ಅನ್ನುವ ಮಾತನ್ನು ಮಾಲೀಕರೇ ಮೊದಲು ಆಡಬೇಕು.

ಈಗ ನನಗೆ ಬಹಳ ಕಾಡುವ ವಿಷಯಕ್ಕೆ ಬರುತ್ತೇನೆ. ನೀವು ಕಿಟಕಿ ಮುಚ್ಚಿದ್ದು ನೂಲಿಗಾಗಿ ಅಲ್ಲ, ಪೊಲೀಸರಿಗಾಗಿ. ಹಗಲು ಹೊತ್ತು ಕಿಟಕಿ ತೆರೆದು, ಮೂರೇ ಜನ ಇಟ್ಟುಕೊಂಡು ನಡೆಸಲು ಬಿಟ್ಟಿದ್ದರೆ ನೀವು ಹಾಗೇ ನಡೆಸುತ್ತಿದ್ದಿರಿ, ಅಲ್ವಾ? ಪೂರ್ತಿ ಬಂದ್ ಅಂದಾಗ ಕೆಲಸ ನಿಲ್ಲಲಿಲ್ಲ, ಕತ್ತಲೆಗೆ ಹೋಯಿತು. ಕದ್ದು ನಡೆಸುವ ಕೆಲಸಕ್ಕೆ ಕಿಟಕಿ ಇರುವುದಿಲ್ಲ. ಜ್ವರ ಬಂದರೆ ಹೇಳುವ ಹಾಗಿರುವುದಿಲ್ಲ, ‘ಎಲ್ಲಿದ್ದಿ, ಯಾರ ಜೊತೆ ಇದ್ದಿ’ ಅಂದರೆ ಹೇಳಲು ಬಾಯಿ ಬರುವುದಿಲ್ಲ. ರೋಗ ತಡೆಯಲೆಂದು ಮಾಡಿದ ನಿಯಮವೇ ಜನರನ್ನು ರೋಗಕ್ಕೆ ಅನುಕೂಲವಾದ ಜಾಗಕ್ಕೆ ತಳ್ಳಿತು. ಇದನ್ನು ನಾನು ಆಗಲೇ ನೋಡಿದೆ, ಸಭೆಗಳಲ್ಲಿ ಗಟ್ಟಿಯಾಗಿ ಹೇಳಲಿಲ್ಲ. ಹೇಳಬೇಕಿತ್ತು.

ಹಾಗಾದರೆ ಬಂದ್ ಮಾಡಿದ್ದೇ ತಪ್ಪು ಅಂತೀರಾ ಅಂದರೆ, ಇಲ್ಲ. 2020ರ ಮಾರ್ಚ್ 25ರಿಂದ ದೇಶ ನಿಲ್ಲಿಸಿದಾಗ ಸೋಂಕು ಸುಮಾರು ಮೂರೂವರೆ ದಿನಕ್ಕೊಮ್ಮೆ ಎರಡು ಪಟ್ಟು ಆಗುತ್ತಿತ್ತು. ಭಾರತದಲ್ಲಿ ಈ ರೋಗದ ಮೊದಲ ಸಾವು ಆದದ್ದು ನಮ್ಮ ಉತ್ತರ ಕರ್ನಾಟಕದ ಕಲಬುರಗಿಯಲ್ಲೇ, ಮಾರ್ಚ್ 10ಕ್ಕೆ. ಮಾಸ್ಕ್ ಇರಲಿಲ್ಲ, ಮೈಮುಚ್ಚುವ ಪಿಪಿಇ ಕಿಟ್ ಇರಲಿಲ್ಲ. ನಾನು ಮಳೆಗಾಲದ ರೇನ್‌ಕೋಟ್ ಹಾಕಿಕೊಂಡು ಜ್ವರದವರನ್ನು ನೋಡಿದ್ದೇನೆ. ಮೇ ಮಧ್ಯದ ಹೊತ್ತಿಗೆ ದೇಶದಲ್ಲೇ ದಿನಕ್ಕೆ ಎರಡು ಲಕ್ಷ ಪಿಪಿಇ ಕಿಟ್, ಎರಡು ಲಕ್ಷ ಎನ್-95 ಮಾಸ್ಕ್ ತಯಾರಾಗುತ್ತಿದ್ದವು. ಆ ಏಳೆಂಟು ವಾರ ಸಿಗದಿದ್ದರೆ ನಮ್ಮ ದಾದಿಯರು, ಆಶಾ ಕಾರ್ಯಕರ್ತೆಯರು ಎಷ್ಟು ಜನ ಉಳಿಯುತ್ತಿದ್ದರೋ. ಬಂದ್ ಮಾಡಿದರೆ ರೋಗ ಸಾಯುವುದಿಲ್ಲ, ನಮಗೆ ಸಮಯ ಸಿಗುತ್ತದೆ. ಆ ಸಮಯವನ್ನು ಯಾವುದಕ್ಕೆ ಬಳಸಿದರು ಅಂತ ಕೇಳಬೇಕು. ಆಸ್ಪತ್ರೆಗೆ ಹಾಸಿಗೆ, ಆಕ್ಸಿಜನ್ ಸೇರಿಸಿದರಾ, ಪರೀಕ್ಷೆ ಹೆಚ್ಚಿಸಿದರಾ, ಶೆಡ್ಡಿಗೆ ಫ್ಯಾನ್ ಕೂರಿಸಿಕೊಟ್ಟರಾ? ಮೊದಲನೆಯದು ಸ್ವಲ್ಪ ಆಯಿತು. ಕೊನೆಯದನ್ನು ಯಾರೂ ಯೋಚಿಸಲೇ ಇಲ್ಲ.

ಇನ್ನೊಂದು ಮಾತು. ಎಲ್ಲ ತೆರೆದಿಟ್ಟಿದ್ದರೆ ವ್ಯಾಪಾರ ನಡೆಯುತ್ತಿತ್ತು ಅನ್ನುವವರಿಗೆ ಸ್ವೀಡನ್ ನೋಡಲು ಹೇಳುತ್ತೇನೆ. ಅಲ್ಲಿ ಅಂಗಡಿ, ಹೋಟೆಲ್, ಸಣ್ಣ ಮಕ್ಕಳ ಶಾಲೆ ಮುಚ್ಚಲಿಲ್ಲ. ಆದರೂ 2020ರಲ್ಲಿ ಅವರ ಆದಾಯ ಕುಸಿಯಿತು, ಪಕ್ಕದ ನಾರ್ವೆ, ಡೆನ್ಮಾರ್ಕ್‌ಗಿಂತ ಸಾವು ಬಹಳ ಜಾಸ್ತಿ ಆಯಿತು. ಹೆದರಿದ ಜನ ಅಂಗಡಿಗೆ ಬರುವುದಿಲ್ಲ. ನಮ್ಮ ಸೀರೆಯ ಸೀಸನ್ ಅಂದರೆ ಮದುವೆ ಕಾಲ. 2020ರ ಅಕ್ಷಯ ತೃತೀಯ ಏಪ್ರಿಲ್ 26ಕ್ಕೆ, 2021ರದ್ದು ಮೇ 14ಕ್ಕೆ, ಎರಡೂ ಲಾಕ್‌ಡೌನ್‌ನಲ್ಲೇ ಹೋದವು. ಮಗ್ಗ ಓಡಿದ್ದರೂ ಮಹಾರಾಷ್ಟ್ರದ ಪೇಟೆಯಲ್ಲಿ ಸೀರೆ ಕೊಳ್ಳುವವರು ಯಾರಿದ್ದರು? ಆದರೆ ನಮ್ಮ ಹಾಗೆ ಪೂರ್ತಿ ಮುಚ್ಚಿದ ಕಡೆಯ ಲೆಕ್ಕವನ್ನೂ ಹೇಳಬೇಕು. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಭಾರತದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 24 ಕುಸಿಯಿತು. ಆ ಪೆಟ್ಟು ತಿಂದವರು ಸಂಬಳದವರಲ್ಲ. ನನ್ನ ಸಂಬಳ ತಿಂಗಳು ತಿಂಗಳು ಬಂತು. ಸೀರೆ ಲೆಕ್ಕದಲ್ಲಿ ಮಜೂರಿ ತಗೊಳ್ಳುವವರಿಗೆ ಮಗ್ಗ ನಿಂತ ದಿನವೇ ಕೂಲಿ ನಿಂತಿತು, ಅದರ ಮೇಲೆ ಮಾಲೀಕರ ಹತ್ತಿರ ತಗೊಂಡ ಮುಂಗಡದ ಭಾರ.

ಕೊಟ್ಟದ್ದೆಷ್ಟು? ರೇಷನ್ ಬಂತು, ತಲೆಗೆ ತಿಂಗಳಿಗೆ ಐದು ಕೆಜಿ ಹೆಚ್ಚಿನ ಧಾನ್ಯ. ಅದು ಜೀವ ಉಳಿಸಿತು, ಅದನ್ನು ಮರೆಯಬಾರದು. ಕೈಮಗ್ಗದ ನೇಕಾರರಿಗೆ ರಾಜ್ಯ ಸರ್ಕಾರ ನೇಕಾರ ಸಮ್ಮಾನ್ ಅಂತ ವರ್ಷಕ್ಕೆ 2,000 ರೂಪಾಯಿ ಕೊಟ್ಟಿತು. ದಿನಕ್ಕೆ ಹಂಚಿದರೆ ಐದೂವರೆ ರೂಪಾಯಿ. ಪವರ್‌ಲೂಮ್ ಕೂಲಿಯವರು ಆ ಯೋಜನೆಯೊಳಗೆ ಇರಲೇ ಇಲ್ಲ. ಬಾಗಿಲು ಹಾಕಿಸಲು ಮೊದಮೊದಲು ಬಳಸಿದ ಕಾಯ್ದೆಗಳಲ್ಲಿ ಒಂದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಪ್ಲೇಗಿನ ಕಾಲದಲ್ಲಿ ಬ್ರಿಟಿಷರು ಮಾಡಿದ್ದು, ಬೆರಳೆಣಿಕೆಯ ಕಲಮುಗಳು. ಪರಿಹಾರದ ವಿಷಯಕ್ಕೆ ‘ಏನಾದರೂ ಇದ್ದರೆ’ ಅನ್ನುವ ಅರ್ಥದ ಎರಡು ಮಾತು ಬಿಟ್ಟರೆ ಹೆಚ್ಚೇನೂ ಅದರಲ್ಲಿಲ್ಲ. ನಮ್ಮಜ್ಜಿ ತನ್ನ ಹಿರಿಯರಿಂದ ಕೇಳಿದ ಪ್ಲೇಗಿನ ಕಥೆ ಹೇಳುತ್ತಿದ್ದಳು. ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿತಂತೆ. ಒಕ್ಕಲಿಗರು ಹೊಲದಲ್ಲೇ ದುಡಿದರು. ಗುಣಿಮಗ್ಗವನ್ನು ಹೊತ್ತುಕೊಂಡು ಹೋಗಲು ಆಗುತ್ತದಾ? ನೆಲದೊಳಗಿನ ಗುಣಿ ಅದು. ನೇಕಾರರು ಆ ವರ್ಷ ಸಾಲ ಮಾಡಿದರು, ಆ ಸಾಲ ಮೊಮ್ಮಕ್ಕಳವರೆಗೂ ಬಂತು ಅಂತ ಅಜ್ಜಿ ಹೇಳುತ್ತಿದ್ದಳು.

ಮಗ್ಗ ನಿಂತ ಮನೆ ಹೇಗಿರುತ್ತದೆ ಅಂತ ನನಗೆ ಗೊತ್ತು. 1972ರ ಬರದಲ್ಲಿ ನಾನು ಹನ್ನೊಂದು ವರ್ಷದವಳು. ಖಣ ಕೊಳ್ಳುವವರಿಲ್ಲ. ಯಾರೂ ಬಂದ್ ಮಾಡಿಸಿರಲಿಲ್ಲ, ಮಗ್ಗ ತಾನೇ ನಿಂತಿತ್ತು. ಹುಟ್ಟಿದಾಗಿನಿಂದ ಕೇಳಿದ ಲಾಳಿಯ ಸಪ್ಪಳ ಇಲ್ಲದೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವ್ವ ಒಂದು ರೊಟ್ಟಿಯನ್ನು ಮೂರು ತುಂಡು ಮಾಡುತ್ತಿದ್ದಳು. ಅದಕ್ಕೇ ‘ಜೀವ ಮೊದಲು, ಜೀವನ ಆಮೇಲೆ’ ಅಂತ ಮೈಕಿನಲ್ಲಿ ಕೂಗುವಾಗ ನನ್ನ ಗಂಟಲು ಹಿಡಿಯುತ್ತಿತ್ತು. ನೇಕಾರರ ಮನೆಯಲ್ಲಿ ಅವೆರಡನ್ನೂ ಬೇರೆ ಮಾಡಿ ತೂಗಲು ಬರುವುದಿಲ್ಲ.

ನಿಮ್ಮ ಹಾಗೆ ನನಗೂ ಒಂದು ಸಾವಿನ ಭಾರ ಇದೆ. 2020ರ ಆಗಸ್ಟ್‌ನಲ್ಲಿ ಒಬ್ಬ ನೇಕಾರನಿಗೆ ಪಾಸಿಟಿವ್ ಬಂತು. ಜ್ವರ ಜಾಸ್ತಿ ಇರಲಿಲ್ಲ. ಮನೆಯಲ್ಲೇ ಇರಲು ಬಿಡಬಹುದಿತ್ತು, ಆದರೆ ಬೇರೆ ಕೋಣೆ ಇರಬೇಕಿತ್ತು. ಫಾರ್ಮಿನಲ್ಲಿ ‘ಪ್ರತ್ಯೇಕ ಕೋಣೆ ಇದೆಯೇ’ ಅಂತ ಇತ್ತು. ‘ಐತ್ರಿ’ ಅಂದ. ನಾನು ಟಿಕ್ ಮಾಡಿ ಸಹಿ ಹಾಕಿದೆ. ಅವನು ಹೇಳಿದ್ದು ಮಗ್ಗದ ಕೋಣೆ. ಅದರಲ್ಲೇ ಅವನ ತಾಯಿ ಮಲಗುತ್ತಿದ್ದರು. ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಅದು ಹೊಳೆಯಬೇಕಿತ್ತು. ಹತ್ತಿರದಲ್ಲೇ ಒಂದು ಹಾಸ್ಟೆಲ್ ಕಟ್ಟಡದಲ್ಲಿ ಆರೈಕೆ ಕೇಂದ್ರ ಇತ್ತು, ಹಾಸಿಗೆ ಖಾಲಿ ಇದ್ದವು. ಹದಿನೈದು ದಿನದಲ್ಲಿ ಆ ತಾಯಿ ಹೋದರು. ಆ ಫಾರ್ಮಿನ ಮೇಲೆ ನನ್ನ ಸಹಿ ಇವತ್ತಿಗೂ ಇದೆ. ‘ಮನೆಯಲ್ಲಿರಿ’ ಅನ್ನುವ ಮಾತು ಮೂರು ಕೋಣೆ ಇರುವವರ ಮಾತು ಅಂತ ನಾನು ಕಲಿತದ್ದು ಹಾಗೆ.

ಮುಂದೆ ಬಂದರೆ ಏನು ಮಾಡಲಿ ಅಂದಿರಿ. ಮೊದಲ ಕೆಲವು ವಾರ, ರೋಗ ಎಂಥದ್ದು ಅಂತ ಯಾರಿಗೂ ತಿಳಿಯದೆ ಇದ್ದಾಗ, ನಿಲ್ಲಿಸಿ. ಆ ವಾರಗಳಲ್ಲಿ ಹೊಟ್ಟೆಗೆ ಹಿಟ್ಟು, ಕೈಗೆ ಸ್ವಲ್ಪ ರೊಕ್ಕ ಕೊಡಿ ಅಂತ ನೇಕಾರರೆಲ್ಲ ಒಟ್ಟಾಗಿ ಕೇಳಬೇಕು. ಅದನ್ನು ಈಗಲೇ, ರೋಗ ಇಲ್ಲದಾಗಲೇ ಕೇಳಿ ಬರೆಸಿಕೊಳ್ಳಬೇಕು. ಆಮೇಲೆ ತೆರೆಯಿರಿ, ಆದರೆ ಹಗಲು ಹೊತ್ತು, ಕಿಟಕಿ ತೆರೆದು, ಒಂದು ಬಿಟ್ಟು ಒಂದು ಮಗ್ಗ. ಯಾವಾಗಲೂ ಅದೇ ಮೂರು ಜನ ಒಂದು ಪಾಳಿಗೆ, ಪಾಳಿ ಅದಲು ಬದಲು ಬೇಡ. ಚಹಾ ಹೊರಗೆ, ಬೇವಿನ ಮರದ ಕೆಳಗೆ. ಎಲ್ಲರೂ ಮಾಸ್ಕ್ ತೆಗೆಯುವುದು ಚಹಾದ ಹೊತ್ತಿಗೇ, ಅದನ್ನು ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಯಸ್ಸಾದವರನ್ನು, ಸಕ್ಕರೆ ಕಾಯಿಲೆ ಇರುವವರನ್ನು ಶೆಡ್ಡಿಗೆ ಕರೆಯಬೇಡಿ. ಕಂಡಿಕೆ ಸುತ್ತುವ ಚರಕವನ್ನು ಅವರ ಮನೆಯ ಕಟ್ಟೆಗೇ ಒಯ್ದು ಕೊಡಿ, ಕೂಲಿ ಅಷ್ಟೇ ಕೊಡಿ.

ಅಣ್ಣನ ಹತ್ತಿರ ಹೋಗಿ, ತಮ್ಮಾ. ನಾನು ಮೇಲೆ ಬರೆದ ತಾರೀಖಿನ ಲೆಕ್ಕ ಒಯ್ಯಬೇಡಿ. ಅದು ನಿಮ್ಮ ಸಮಾಧಾನಕ್ಕೆ, ಅವರಿಗೆ ಅದು ವಾದದ ಹಾಗೆ ಕೇಳಿಸುತ್ತದೆ. ‘ಗೋಣಿಚೀಲ ಹೊಡೆದದ್ದು ನನ್ನ ತಪ್ಪು, ಕಾಕಾನನ್ನು ಮನೆಯಲ್ಲಿ ಕೂರಿಸಬೇಕಿತ್ತು’ ಅಂತ ಅಷ್ಟೇ ಹೇಳಿ. ಮದುವೆಯ ವಿಷಯ ನೀವು ಎತ್ತಬೇಡಿ. ಅಪ್ಪನನ್ನು ಆ ಮದುವೆಗೆ ಹೋಗಬೇಡ ಅನ್ನಲಿಲ್ಲವಲ್ಲ ಅನ್ನುವ ನೋವು ಅವರಿಗೂ ಇರಬಹುದು. ಜೂನ್ 2ರಂದು ಕಾಕಾನ ಫೋಟೊಕ್ಕೆ ಹೂ ಹಾಕಲು ಹೋಗಿ, ಬಾಗಿಲು ತೆಗೆಯದಿದ್ದರೆ ಮುಂದಿನ ವರ್ಷ ಮತ್ತೆ ಹೋಗಿ.

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೊರೊನಾ ಕಾಲದಲ್ಲಿ ಸಣ್ಣವರಾಗಿದ್ದ ಮಕ್ಕಳಿಗೆ ಇವತ್ತಿಗೂ ಭಾಗಾಕಾರ ಕಷ್ಟ. ಶಾಲೆಯನ್ನು ಅಷ್ಟು ದಿನ ಮುಚ್ಚಿದ್ದು ಸರಿಯಾ, ಮೇಡಂ?
— ಶಿಕ್ಷಕಿ, ಇಂಡಿ ತಾಲ್ಲೂಕು

ಉತ್ತರ: ಅಷ್ಟು ದಿನ ಮುಚ್ಚಿದ್ದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಹತ್ತೊಂಬತ್ತು ತಿಂಗಳು! ನಮ್ಮ ರಾಜ್ಯದಲ್ಲಿ ಮದ್ಯದ ಅಂಗಡಿ ತೆರೆದದ್ದು 2020ರ ಮೇ 4ಕ್ಕೆ. ಈ ಎರಡು ತಾರೀಖುಗಳನ್ನು ಪಕ್ಕ ಪಕ್ಕ ಇಟ್ಟಾಗ ನನಗೆ ಈಗಲೂ ಸಂಕಟ ಆಗುತ್ತದೆ. ಮೊದಲ ಕೆಲವು ತಿಂಗಳು ಮುಚ್ಚಿದ್ದನ್ನು ಒಪ್ಪುತ್ತೇನೆ. ಮಕ್ಕಳಿಗೆ ಅಪಾಯ ಕಡಿಮೆ ಅಂತ ಕಾಣುತ್ತಿದ್ದರೂ ಮನೆಯ ಅಜ್ಜ ಅಜ್ಜಿಗೆ ತಂದುಕೊಡುವ ಭಯ ಇತ್ತು. ಆದರೆ 2020ರ ಕೊನೆಗೆ ಸೋಂಕು ಇಳಿದಿತ್ತು, ಫೆಬ್ರುವರಿವರೆಗೂ ಇಳಿದೇ ಇತ್ತು. ಆ ಚಳಿಗಾಲದಲ್ಲಿ ಹಳ್ಳಿಯ ಸಣ್ಣ ಶಾಲೆಗಳನ್ನಾದರೂ ತೆರೆಯಬೇಕಿತ್ತು.

ದಾರಿ ನಿಮ್ಮವರೇ ತೋರಿಸಿದ್ದಿರಿ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾದಾಗ ಶಿಕ್ಷಕರು ಗುಡಿಯ ಅಂಗಳದಲ್ಲಿ, ಆಲದ ಮರದ ಕೆಳಗೆ ಪಾಠ ಮಾಡಿದರು. ಬಯಲಿನಲ್ಲಿ ಪಾಠ ಅಂದರೆ ಡಾಕ್ಟರ್ ಆಗಿ ನನಗೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಹೊಳೆಯುವುದಿಲ್ಲ. ಕೆಲವು ಶಿಕ್ಷಕರಿಗೆ ಸೋಂಕು ಬಂತು, ಭಯ ಆಯಿತು, ಅಕ್ಟೋಬರ್‌ನಲ್ಲಿ ಅದನ್ನೇ ನಿಲ್ಲಿಸಿದರು. ವಯಸ್ಸಾದ, ಕಾಯಿಲೆಯ ಶಿಕ್ಷಕರನ್ನು ಬಿಟ್ಟು ಉಳಿದವರಿಗೆ ಒಳ್ಳೆಯ ಮಾಸ್ಕ್ ಕೊಟ್ಟು ಮುಂದುವರಿಸಬಹುದಿತ್ತು. ನಾನು ನೋಡಿದ ಮಕ್ಕಳು ಮನೆಯಲ್ಲಿ ಸುಮ್ನೆ ಕೂತಿರಲಿಲ್ಲ. ನಮ್ಮ ಕಡೆ ಕಂಡಿಕೆ ಸುತ್ತಿದರು, ನಿಮ್ಮ ಕಡೆ ನಿಂಬೆ ತೋಟಕ್ಕೆ, ದ್ರಾಕ್ಷಿ ತೋಟಕ್ಕೆ ಹೋದರು. ಏಳನೇ ತರಗತಿಯ ಹುಡುಗಿಯೊಬ್ಬಳು ಲಾಕ್‌ಡೌನ್ ಮುಗಿಯುವಷ್ಟರಲ್ಲಿ ಕೊರಳಲ್ಲಿ ತಾಳಿ ಹಾಕಿಕೊಂಡು ನನ್ನ ಆಸ್ಪತ್ರೆಗೆ ಬಂದಳು. ಅವಳ ಹೆಸರು ಯಾವ ಕೊರೊನಾ ಪಟ್ಟಿಯಲ್ಲೂ ಇಲ್ಲ. ನಿಮ್ಮ ಮಕ್ಕಳಿಗೆ ತರಗತಿಯ ಪಾಠ ಬದಿಗಿಟ್ಟು ದಿನಕ್ಕೆ ಅರ್ಧ ಗಂಟೆ ಭಾಗಾಕಾರವನ್ನೇ ಕಲಿಸಿ. ಯಾರಾದರೂ ಕೇಳಿದರೆ ಡಾಕ್ಟರ್ ಚೀಟಿ ಬರೆದುಕೊಟ್ಟಿದ್ದಾರೆ ಅನ್ನಿ, ಈ ಪುಟ ತೋರಿಸಿ.

ಪ್ರಶ್ನೆ: ಬೆಳಗಾವಿ ಖಾಸಬಾಗದಲ್ಲಿ ನಮ್ಮದು ಎಂಟು ಜನ ಕೆಲಸ ಮಾಡುವ ಶೆಡ್. ಈಗಲೂ ಯಾರಿಗಾದರೂ ಜ್ವರ, ಕೆಮ್ಮು ಬಂದರೆ ಎಷ್ಟು ದಿನ ಬರಬೇಡಿ ಅನ್ನಬೇಕು?
— ನೇಕಾರ, ಬೆಳಗಾವಿ

ಉತ್ತರ: ಜ್ವರದ ಗುಳಿಗೆ ತಗೊಳ್ಳದೆಯೇ ಪೂರ್ತಿ ಒಂದು ದಿನ ಜ್ವರ ಬರದೆ ಇರಬೇಕು, ಕೆಮ್ಮು ಇಳಿಮುಖ ಆಗಿರಬೇಕು. ಆಮೇಲೆ ಬರಲಿ. ಬಂದ ಮೇಲೆ ಐದು ದಿನ ಮಾಸ್ಕ್ ಹಾಕಿಕೊಂಡು ಕಿಟಕಿಯ ಪಕ್ಕದ ಮಗ್ಗದ ಮೇಲೆ ಕೆಲಸ ಮಾಡಲಿ. ಉಸಿರಾಟ ಕಷ್ಟ ಆದರೆ, ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಕ್ಷಯದ ಕಫ ಪರೀಕ್ಷೆ ಅಲ್ಲಿ ಪುಕ್ಕಟೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗಳಲ್ಲಿ ಇಎಸ್ಐ (ನೌಕರರ ಸರ್ಕಾರಿ ವಿಮೆ) ಇದ್ದರೆ ಕಾಯಿಲೆಯ ದಿನಗಳಿಗೆ ಶೇ. 70ರಷ್ಟು ಕೂಲಿ ಸಿಗುತ್ತದೆ. ನಿಮ್ಮದು ಎಂಟೇ ಜನ, ಆದ್ದರಿಂದ ಅದು ಸಿಗುವುದು ಕಷ್ಟ. ಮಲಗಿದ ದಿನಕ್ಕೆ ಅರ್ಧ ಕೂಲಿಯನ್ನಾದರೂ ನೀವೇ ಕೊಡಿ, ಅದನ್ನು ಮುಂಗಡದ ಲೆಕ್ಕಕ್ಕೆ ಬರೆಯಬೇಡಿ. ಬರೆದರೆ ಮುಂದಿನ ಸಲ ಯಾರೂ ಜ್ವರ ಬಂದಿದೆ ಅಂತ ನಿಮಗೆ ಹೇಳುವುದಿಲ್ಲ.